ಬೆಳಕನ್ನು ಹಿಡಿದಿಟ್ಟು ಬಿಡುವ ಲೋಹಗಳು: ರೋಗ ತೋರುವುದಕ್ಕೂ ರೋಗ ಕೊಲ್ಲುವುದಕ್ಕೂ ಒಂದೇ ಗುಣ

ಥೈರಾಯ್ಡ್ ಪರೀಕ್ಷೆಯ ವರದಿಯಲ್ಲಿ ಟಿಎಸ್‌ಎಚ್ ಅಂಕಿಯ ಆಸುಪಾಸಿನಲ್ಲಿ ಪರೀಕ್ಷಾ ವಿಧಾನದ ಹೆಸರನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಅಲ್ಲಿ ‘ಇಸಿಎಲ್‌ಐಎ’ ಎಂದಿದ್ದರೆ, ನಿಮ್ಮ ರಕ್ತದಲ್ಲಿ ಆ ಹಾರ್ಮೋನು ಎಷ್ಟಿದೆ ಎಂದು ಬೆಳಕು ಬೀರಿ ತಿಳಿಸಿದ್ದು ರುಥೇನಿಯಂ ಎಂಬ ಲೋಹ. ಬಂಗಾರ ಬೆಳ್ಳಿಗಳಂತೆ ಇದರ ಹೆಸರು ಮನೆಮಾತಲ್ಲ. 1844ರಲ್ಲಿ ರಷ್ಯಾದ ಕಜಾನ್ ನಗರದಲ್ಲಿ ಕಾರ್ಲ್ ಕ್ಲೌಸ್ ಪ್ಲಾಟಿನಂ ಅದಿರಿನ ಶೇಷದಿಂದ ಇದನ್ನು ಬೇರ್ಪಡಿಸಿದಾಗ ವೈದ್ಯಕ್ಕೂ ಇದಕ್ಕೂ ಯಾವ ನಂಟೂ ಇರಲಿಲ್ಲ.

ಪರೀಕ್ಷಾ ಯಂತ್ರದೊಳಗೆ ನಡೆಯುವುದು ಹೀಗೆ. ರಕ್ತದ ಸೀರಮ್‌ಗೆ ಎರಡು ಬಗೆಯ ಪ್ರತಿಕಾಯಗಳನ್ನು ಬೆರೆಸುತ್ತಾರೆ. ಎರಡೂ ಟಿಎಸ್‌ಎಚ್ ಅಣುವನ್ನೇ ಹುಡುಕಿ ಎರಡು ಕಡೆಯಿಂದ ಹಿಡಿಯುತ್ತವೆ. ಒಂದು ಪ್ರತಿಕಾಯ ಕಾಂತೀಯ ಗುಣದ ಪುಟ್ಟ ಮಣಿಗೆ ಅಂಟಿಕೊಳ್ಳುತ್ತದೆ. ಇನ್ನೊಂದಕ್ಕೆ ರುಥೇನಿಯಂ ಸಂಕೀರ್ಣವನ್ನು ಕಟ್ಟಿರುತ್ತಾರೆ. ಅಯಸ್ಕಾಂತವು ಮಣಿಗಳನ್ನು ವಿದ್ಯುದ್ವಾರದ ಮೇಲೆ ಎಳೆದು ಹಿಡಿಯುತ್ತದೆ. ಹಾರ್ಮೋನು ಸಿಗದೆ ಬಿಡಿಯಾಗಿ ಉಳಿದ ರುಥೇನಿಯಂ ತೊಳೆದು ಹೋಗುತ್ತದೆ. ಆಮೇಲೆ ಟ್ರೈಪ್ರೊಪೈಲಮೀನ್ ಎಂಬ ರಾಸಾಯನಿಕ ಇರುವ ದ್ರಾವಣದಲ್ಲಿ ವೋಲ್ಟೇಜ್ ಕೊಟ್ಟರೆ, ಉಳಿದ ರುಥೇನಿಯಂ ಸುಮಾರು 620 ನ್ಯಾನೊಮೀಟರ್ ತರಂಗಾಂತರದ ಕಿತ್ತಳೆಗೆಂಪು ಬೆಳಕು ಚೆಲ್ಲುತ್ತದೆ. ಬೆಳಕು ಚೆಲ್ಲಿದ ಮಾತ್ರಕ್ಕೆ ಸಂಕೀರ್ಣ ಮುಗಿದು ಹೋಗುವುದಿಲ್ಲ. ಅದೇ ಅಣು ಮತ್ತೆ ಎಲೆಕ್ಟ್ರಾನ್ ಕೊಟ್ಟು ಪಡೆದು ಮತ್ತೆ ಹೊಳೆಯುತ್ತದೆ. ಹೊರಗಿನಿಂದ ದೀಪ ಹಾಯಿಸುವ ಅಗತ್ಯವೇ ಇಲ್ಲದ್ದರಿಂದ ಹಿನ್ನೆಲೆಯಲ್ಲಿ ಕತ್ತಲೆಯೇ ಇರುತ್ತದೆ. ಅತ್ಯಲ್ಪ ಪ್ರಮಾಣದ ಹಾರ್ಮೋನನ್ನೂ ಅಳೆಯಬಹುದು.

ಇದೇ ಕುಟುಂಬದ ಅಣುಗಳು ಜೀವಕೋಶದೊಳಗೆ ಹೊಕ್ಕು ಅಲ್ಲಿನ ಆಮ್ಲಜನಕವನ್ನು ಅಳೆಯುತ್ತವೆ, ಡಿಎನ್‌ಎಯನ್ನು ಬೆಳಗಿಸುತ್ತವೆ, ಬೆಳಕು ಬಿದ್ದಾಗ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತವೆ. ಇಷ್ಟು ಬೇರೆ ಬೇರೆ ಕೆಲಸಗಳ ಹಿಂದೆ ಇರುವುದು ಒಂದೇ ಗುಣ ಎಂಬುದು ನನಗೆ ಈ ವಿಷಯದಲ್ಲಿ ಬಹಳ ಇಷ್ಟವಾದ ಸಂಗತಿ. ಸಾಮಾನ್ಯ ಬಣ್ಣದ ಅಣುಗಳು ಹೀರಿದ ಬೆಳಕನ್ನು ತಕ್ಷಣ ಬಿಟ್ಟುಬಿಡುತ್ತವೆ. ಲೋಹದ ಸಂಕೀರ್ಣಗಳು ಅದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತವೆ. ಆ ‘ಸ್ವಲ್ಪ ಹೊತ್ತು’ ಎಲ್ಲಿಂದ ಬರುತ್ತದೆ, ಅದರಿಂದ ಏನೇನು ಸಾಧ್ಯವಾಗುತ್ತದೆ, ಎಲ್ಲಿ ಅದು ಕೈಕೊಡುತ್ತದೆ ಎಂಬುದನ್ನು ಬಿಡಿಸಿ ನೋಡೋಣ.

ಸಂಕೀರ್ಣ ಎಂದರೆ ನಡುವೆ ಒಂದು ಲೋಹದ ಅಯಾನು, ಅದರ ಸುತ್ತ ಅದಕ್ಕೆ ಎಲೆಕ್ಟ್ರಾನ್ ಜೋಡಿಗಳನ್ನು ಒದಗಿಸಿ ಬಂಧಿಸಿಕೊಂಡ ಅಣುಗಳು. ಈ ಸುತ್ತಲಿನ ಅಣುಗಳಿಗೆ ಲಿಗ್ಯಾಂಡ್ ಎಂದು ಹೆಸರು. ಎಲೆಯ ಪತ್ರಹರಿತ್ತಿನ ನಡುವೆ ಮೆಗ್ನೀಸಿಯಂ ಇದೆ, ರಕ್ತದ ಹೀಮೋಗ್ಲೋಬಿನ್‌ನಲ್ಲಿ ಕಬ್ಬಿಣವಿದೆ; ಅವೂ ಸಂಕೀರ್ಣಗಳೇ. ನಮ್ಮ ಕಥೆಯ ಮುಖ್ಯ ಪಾತ್ರದಲ್ಲಿ ರುಥೇನಿಯಂನ ಸುತ್ತ ಬೈಪಿರಿಡೀನ್ ಎಂಬ ಮೂರು ಲಿಗ್ಯಾಂಡುಗಳಿವೆ. ಒಂದೊಂದೂ ತನ್ನ ಎರಡು ನೈಟ್ರೋಜನ್‌ಗಳಿಂದ ಲೋಹವನ್ನು ಹಿಡಿದಿರುತ್ತದೆ. ಇದು ಬೆಳಕು ಬೀರುತ್ತದೆ ಎಂದು ಪ್ಯಾರಿಸ್ ಮತ್ತು ಬ್ರಾಂಟ್ ಎಂಬ ರಸಾಯನಶಾಸ್ತ್ರಜ್ಞರು ವರದಿ ಮಾಡಿದ್ದು 1959ರಲ್ಲಿ.

ಈ ಸಂಕೀರ್ಣಕ್ಕೆ ಸುಮಾರು 450 ನ್ಯಾನೊಮೀಟರಿನ ನೀಲಿ ಬೆಳಕು ತಗುಲಿದಾಗ ಲೋಹದ ಒಂದು ಎಲೆಕ್ಟ್ರಾನ್ ಲಿಗ್ಯಾಂಡಿಗೆ ಜಿಗಿಯುತ್ತದೆ. ಎಲೆಕ್ಟ್ರಾನುಗಳಿಗೆ ಗಿರಕಿ (ಸ್ಪಿನ್) ಎಂಬ ಗುಣವಿದೆ. ಜೋಡಿಯಲ್ಲಿದ್ದಾಗ ಎರಡರ ಗಿರಕಿಯೂ ಪರಸ್ಪರ ವಿರುದ್ಧವಾಗಿರುತ್ತದೆ. ಜಿಗಿದ ಎಲೆಕ್ಟ್ರಾನಿನ ಗಿರಕಿ ಮೊದಲಿನಂತೆಯೇ ಇದ್ದರೆ ಅದು ತನ್ನ ಹಳೆಯ ಜಾಗಕ್ಕೆ ಬೇಗನೆ ಮರಳುತ್ತದೆ. ಬಟ್ಟೆ, ಕಾಗದಗಳಲ್ಲಿ ಮಿರುಗುವ ಪ್ರತಿದೀಪ್ತ ಬಣ್ಣಗಳಲ್ಲಿ ಆಗುವುದು ಇದೇ. ಅಂಥದೇ ಬಣ್ಣವಾದ ಫ್ಲೋರೊಸೀನ್‌ನಲ್ಲಿ ಬೆಳಕು ಹೀರಿ ಬಿಡುವುದಕ್ಕೆ ಹಿಡಿಯುವ ಸಮಯ ಸುಮಾರು 4 ನ್ಯಾನೊಸೆಕೆಂಡ್. ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ.

ಭಾರವಾದ ಲೋಹ ಇದ್ದಲ್ಲಿ ಮಾತು ಬೇರೆ. ಪರಮಾಣು ಸಂಖ್ಯೆ 44ರ ರುಥೇನಿಯಂ, 77ರ ಇರಿಡಿಯಂ, 78ರ ಪ್ಲಾಟಿನಂ ಇವುಗಳ ಬೀಜದಲ್ಲಿ ಧನವಿದ್ಯುದಂಶ ಹೆಚ್ಚು. ಅದರ ಸುತ್ತ ಸುತ್ತುವ ಎಲೆಕ್ಟ್ರಾನಿನ ಚಲನೆಯೂ ಅದರ ಗಿರಕಿಯೂ ಒಂದಕ್ಕೊಂದು ಬಲವಾಗಿ ತಳುಕು ಹಾಕಿಕೊಳ್ಳುತ್ತವೆ. ಪರಿಣಾಮವಾಗಿ, ಜಿಗಿದ ಎಲೆಕ್ಟ್ರಾನಿನ ಗಿರಕಿ ತಿರುಗಿಬಿಡುತ್ತದೆ. ರುಥೇನಿಯಂ ಸಂಕೀರ್ಣದಲ್ಲಿ ಇದು ಆಗುವುದಕ್ಕೆ ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು ಹೊತ್ತೂ ಬೇಡ. ಗಿರಕಿ ತಿರುಗಿದ ಮೇಲೆ ಹಳೆಯ ಜಾಗಕ್ಕೆ ಮರಳುವ ದಾರಿಗೆ ಭೌತಶಾಸ್ತ್ರದ ನಿಯಮವೇ ಅಡ್ಡ ನಿಲ್ಲುತ್ತದೆ. ಆದರೆ ಅದೇ ಭಾರದ ಲೋಹ ಆ ಅಡ್ಡಿಯನ್ನು ಅರೆಬರೆ ಸಡಿಲಿಸಿಯೂ ಇರುತ್ತದೆ. ಹಾಗಾಗಿ ಎಲೆಕ್ಟ್ರಾನು ಶಾಶ್ವತವಾಗಿ ಸಿಕ್ಕಿಹಾಕಿಕೊಳ್ಳದೆ, ಕೊಂಚ ತಡವಾಗಿ ಬೆಳಕು ಚೆಲ್ಲಿ ಕೆಳಗಿಳಿಯುತ್ತದೆ. ಆಮ್ಲಜನಕ ತೆಗೆದ ನೀರಿನಲ್ಲಿ ಆ ತಡ ಸುಮಾರು 600 ನ್ಯಾನೊಸೆಕೆಂಡ್. ಫ್ಲೋರೊಸೀನ್‌ಗಿಂತ ನೂರೈವತ್ತು ಪಟ್ಟು ಹೆಚ್ಚು. ಹಗುರ ಪರಮಾಣುಗಳಷ್ಟೇ ಇರುವ ಬಹುಪಾಲು ಅಣುಗಳು ಗಿರಕಿ ತಿರುಗಿದ ಸ್ಥಿತಿಯಲ್ಲಿ ದ್ರಾವಣದೊಳಗೆ ಬೆಳಗುವುದೇ ಇಲ್ಲ. ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ. ಮೊಬೈಲಿನ ಓಎಲ್‌ಇಡಿ ಪರದೆಗಳಲ್ಲಿ ಕೆಂಪು ಮತ್ತು ಹಸಿರು ಬೆಳಕಿಗೆ ಇರಿಡಿಯಂ ಸಂಕೀರ್ಣಗಳನ್ನು ಬಳಸುವುದೂ ಈ ಗುಣಕ್ಕಾಗಿಯೇ.

ಈ ತಡದಿಂದ ಮೊದಲ ಲಾಭ, ಸ್ಪಷ್ಟವಾದ ಚಿತ್ರ. ಜೀವಕೋಶಕ್ಕೆ ನೇರಳಾತೀತ ಅಥವಾ ನೀಲಿ ಬೆಳಕು ಹಾಯಿಸಿದರೆ ಅದರಲ್ಲಿರುವ ವಿಟಮಿನ್ನು, ಪ್ರೋಟೀನುಗಳು ತಾವೂ ಮಿನುಗುತ್ತವೆ. ನಮಗೆ ಬೇಕಾದ ಬೆಳಕು ಆ ಮಿನುಗಿನಲ್ಲಿ ಕಳೆದುಹೋಗುತ್ತದೆ. ಆದರೆ ಅವುಗಳ ಮಿನುಗು ಕೆಲವೇ ನ್ಯಾನೊಸೆಕೆಂಡುಗಳದು. ಸಂತೆಯ ಗದ್ದಲದಲ್ಲಿ ಒಬ್ಬರ ಮೆಲುದನಿ ಕೇಳಬೇಕಾದರೆ ಗದ್ದಲ ಅಡಗುವವರೆಗೆ ಕಾದು ಕಿವಿಗೊಡುವುದೇ ದಾರಿ. ಇಲ್ಲಿಯೂ ಬೆಳಕಿನ ಮಿಡಿತ ಹಾಯಿಸಿ, ಸ್ವಲ್ಪ ಕಾದು, ಆಮೇಲೆ ಕ್ಯಾಮೆರಾ ತೆರೆಯುತ್ತಾರೆ.

ಈ ಕಾಯುವ ಉಪಾಯವನ್ನು ಅತ್ಯಂತ ಚೆನ್ನಾಗಿ ದುಡಿಸಿಕೊಂಡದ್ದು ಯುರೋಪಿಯಂ ಎಂಬ ಲೋಹ. ಇದರ ಕೆಂಪು ಬೆಳಕು, ಸುಮಾರು 615 ನ್ಯಾನೊಮೀಟರಿನದು, ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದ ಆಸುಪಾಸು ಉಳಿಯುತ್ತದೆ. ಒಂದು ತೊಡಕೂ ಇದೆ. ಯುರೋಪಿಯಂ ತಾನಾಗಿ ಬೆಳಕನ್ನು ಹೀರುವುದು ಬಹಳ ಕಷ್ಟ. ಸುತ್ತಲಿನ ಲಿಗ್ಯಾಂಡು ಬೆಳಕನ್ನು ಹಿಡಿದು ಶಕ್ತಿಯನ್ನು ಲೋಹಕ್ಕೆ ದಾಟಿಸಬಲ್ಲದು ಎಂದು 1942ರಲ್ಲಿ ಸ್ಯಾಮ್ಯುಯೆಲ್ ವೈಸ್‌ಮನ್ ತೋರಿಸಿಕೊಟ್ಟರು; ಅಂಥ ಲಿಗ್ಯಾಂಡನ್ನು ಆಂಟೆನಾ ಎಂದೇ ಕರೆಯುತ್ತಾರೆ. 1980ರ ದಶಕದಲ್ಲಿ ಫಿನ್ಲೆಂಡಿನ ಟುರ್ಕು ನಗರದಲ್ಲಿ ಇದರ ಮೇಲೆ ಒಂದು ರಕ್ತಪರೀಕ್ಷಾ ವಿಧಾನವೇ ಬೆಳೆಯಿತು. ಹಸುಗೂಸಿನ ಹಿಮ್ಮಡಿ ಚುಚ್ಚಿ ಸೋಸುಕಾಗದದ ಮೇಲೆ ಹಿಡಿದ ರಕ್ತ ಒಣಗಿದ ಮೇಲೆ, ಅದರಿಂದ ಮೂರು ಮಿಲಿಮೀಟರ್ ಅಗಲದ ಬಿಲ್ಲೆ ಕತ್ತರಿಸಿ ಟಿಎಸ್‌ಎಚ್ ಅಳೆಯುತ್ತಾರೆ. ದೀಪದ ಮಿಡಿತ ಆದ ಮೇಲೆ 400 ಮೈಕ್ರೊಸೆಕೆಂಡ್ ಸುಮ್ಮನಿದ್ದು, ಮುಂದಿನ 400 ಮೈಕ್ರೊಸೆಕೆಂಡಿನಲ್ಲಿ ಬರುವ ಕೆಂಪು ಬೆಳಕನ್ನಷ್ಟೇ ಎಣಿಸುತ್ತಾರೆ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುವ ಮಗುವಿಗೆ ಮೊದಲ ವಾರಗಳಲ್ಲೇ ಮಾತ್ರೆ ಶುರುವಾದರೆ ಮಿದುಳಿನ ಬೆಳವಣಿಗೆ ಕುಂಠಿತವಾಗುವುದನ್ನು ತಡೆಯಬಹುದು. ಲೋಹದ ಹೊಳಪು ನಿಜವಾಗಿ ಜೀವನ ಬದಲಿಸಿದ ಜಾಗ ಯಾವುದು ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಈ ಪುಟ್ಟ ಬಿಲ್ಲೆಯನ್ನು.

ತಡದ ಎರಡನೆಯ ಲಾಭ ಇನ್ನೂ ಆಳವಾದದ್ದು. ಹೊತ್ತು ಇದ್ದರೆ ಅಣುವಿಗೆ ಅಕ್ಕಪಕ್ಕದ ಅಣುಗಳ ಭೇಟಿಯಾಗುತ್ತದೆ. ಅದರಲ್ಲೂ ಆಮ್ಲಜನಕದ ಭೇಟಿ. ಆಮ್ಲಜನಕದ ಅಣುವಿನಲ್ಲಿ ಎರಡು ಎಲೆಕ್ಟ್ರಾನುಗಳು ಜೋಡಿಯಾಗದೆ ಒಂದೇ ದಿಕ್ಕಿನ ಗಿರಕಿಯಲ್ಲಿರುತ್ತವೆ. ಹಾಗಾಗಿ ಗಿರಕಿ ತಿರುಗಿದ ಸಂಕೀರ್ಣದಿಂದ ಶಕ್ತಿ ಪಡೆಯುವುದಕ್ಕೆ ಅದಕ್ಕೆ ನಿಯಮದ ಅಡ್ಡಿಯಿಲ್ಲ. ಶಕ್ತಿ ಆಮ್ಲಜನಕಕ್ಕೆ ದಾಟಿತೆಂದರೆ ಸಂಕೀರ್ಣದ ಹೊಳಪು ನಂದುತ್ತದೆ. ಆಮ್ಲಜನಕ ಹೆಚ್ಚಿದ್ದಷ್ಟೂ ಬೆಳಕು ಮಂದ, ಅದು ಉಳಿಯುವ ಸಮಯವೂ ಕಡಿಮೆ. ಆ ಸಮಯವನ್ನು ಅಳೆದರೆ ಅಲ್ಲಿ ಆಮ್ಲಜನಕ ಎಷ್ಟಿದೆ ಎಂದು ಲೆಕ್ಕ ಹಾಕಬಹುದು. ಹೊಳಪಿನ ತೀವ್ರತೆಯನ್ನು ನಂಬುವುದಕ್ಕಿಂತ ಇದು ಭದ್ರವಾದ ದಾರಿ. ಏಕೆಂದರೆ ಒಂದು ಕೋಶದೊಳಗೆ ಸಂಕೀರ್ಣ ಹೆಚ್ಚು ಹೋಗಿ ಇನ್ನೊಂದರೊಳಗೆ ಕಡಿಮೆ ಹೋಗಿದ್ದರೂ ಸಮಯ ಮಾತ್ರ ಬದಲಾಗುವುದಿಲ್ಲ.

ಪೆಲ್ಲೇಡಿಯಂ ಮತ್ತು ಪ್ಲಾಟಿನಂ ಪಾರ್ಫಿರಿನ್‌ಗಳನ್ನು, ಎಂದರೆ ನಡುವೆ ಈ ಲೋಹಗಳನ್ನು ಹಿಡಿದ ಉಂಗುರದಾಕಾರದ ಅಣುಗಳನ್ನು, ಈ ಕೆಲಸಕ್ಕೆ ಹದಗೊಳಿಸಿದ್ದು ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಡೇವಿಡ್ ವಿಲ್ಸನ್, ಸೆರ್ಗೈ ವಿನೊಗ್ರಾಡೊವ್ ಮುಂತಾದವರು. 2014ರಲ್ಲಿ ಇಂಥದೊಂದು ಅಣುವನ್ನು ಬಳಸಿ, ಬದುಕಿರುವ ಇಲಿಯ ಅಸ್ಥಿಮಜ್ಜೆಯೊಳಗೆ ಆಮ್ಲಜನಕ ಎಷ್ಟೆಷ್ಟಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಅಳೆದರು. ರಕ್ತನಾಳಗಳು ಹೇರಳವಾಗಿದ್ದರೂ ಅಲ್ಲಿ ಆಮ್ಲಜನಕ ಕಡಿಮೆಯೇ ಇದೆ ಎಂಬುದು ಆಗ ಕಣ್ಣಿಗೆ ಕಂಡಿತು. ಕ್ಯಾನ್ಸರ್ ಗಡ್ಡೆಗಳ ಒಳಭಾಗದಲ್ಲೂ ಆಮ್ಲಜನಕ ಕಡಿಮೆ. ಅಂಥ ಭಾಗಗಳಿಗೆ ವಿಕಿರಣ ಚಿಕಿತ್ಸೆ ಸರಿಯಾಗಿ ನಾಟುವುದಿಲ್ಲವಾದ್ದರಿಂದ, ಎಲ್ಲಿ ಉಸಿರು ಕಡಿಮೆ ಎಂದು ತೋರಿಸುವ ಅಣುವಿಗೆ ಬೆಲೆಯಿದೆ.

ಡಿಎನ್‌ಎ ಬೆಳಗಿಸುವ ಅಣುವಿನ ವಿಷಯ ಇಲ್ಲಿ ಹೇಳದೆ ಮುಂದೆ ಹೋಗಲಾರೆ. 1990ರಲ್ಲಿ ಜಾಕ್ವೆಲಿನ್ ಬಾರ್ಟನ್ ಮತ್ತು ಸಂಗಡಿಗರು ಒಂದು ರುಥೇನಿಯಂ ಸಂಕೀರ್ಣವನ್ನು ವರದಿ ಮಾಡಿದರು. ಅದರ ಒಂದು ಲಿಗ್ಯಾಂಡು ಉದ್ದನೆಯ ಚಪ್ಪಟೆ ಹಲಗೆ; ಹಲಗೆಯ ಮೈಮೇಲೆ ಬಂಧಕ್ಕೆ ಸಿಗದ ಎರಡು ನೈಟ್ರೋಜನ್‌ಗಳಿವೆ. ನೀರಿನಲ್ಲಿ ಈ ನೈಟ್ರೋಜನ್‌ಗಳಿಗೆ ನೀರಿನ ಅಣುಗಳು ತಗುಲಿಕೊಂಡು ಶಕ್ತಿಯನ್ನು ಸೋರಿಸಿಬಿಡುತ್ತವೆ, ಸಂಕೀರ್ಣ ಕತ್ತಲಾಗಿರುತ್ತದೆ. ಡಿಎನ್‌ಎ ಸಿಕ್ಕಿದಾಗ ಆ ಹಲಗೆ ಅದರ ಮೆಟ್ಟಿಲುಗಳ ನಡುವೆ ತೂರಿಕೊಳ್ಳುತ್ತದೆ, ನೀರು ದೂರವಾಗುತ್ತದೆ, ಸಂಕೀರ್ಣ ಥಟ್ಟನೆ ಹೊಳೆಯುತ್ತದೆ. ಗಾಜಿನ ಕೊಳವೆಯಲ್ಲಿ ಇಷ್ಟು ಸೊಗಸಾಗಿ ನಡೆಯುವುದು ಜೀವಂತ ಕೋಶದಲ್ಲಿ ಸುಲಭವಾಗಲಿಲ್ಲ. ವಿದ್ಯುದಂಶ ಹೊತ್ತ ಇಂಥ ಅಣುಗಳು ಕೋಶಕೇಂದ್ರದವರೆಗೆ ಹೋಗುವುದೇ ಅಪರೂಪ. 2009ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ತಂಡವೊಂದು ಎರಡು ರುಥೇನಿಯಂ ಇರುವ ಸಂಕೀರ್ಣದಿಂದ ಜೀವಂತ ಕೋಶದ ಡಿಎನ್‌ಎಯನ್ನು ಬೆಳಗಿಸಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸೂಕ್ಷ್ಮದರ್ಶಕಕ್ಕೆ ಇಡುವ ಮುಂಚೆ ಕೋಶಗಳನ್ನು ಫಾರ್ಮಾಲ್ಡಿಹೈಡ್‌ನಂಥ ರಾಸಾಯನಿಕದಿಂದ ಸ್ಥಿರಗೊಳಿಸುವ ರೂಢಿಯಿದೆ. ಹಾಗೆ ಮಾಡಿದಾಗ ಕೋಶ ಸಾಯುತ್ತದೆ, ಪೊರೆ ಸಡಿಲವಾಗುತ್ತದೆ, ಜೀವಂತ ಕೋಶದಲ್ಲಿ ಕೇಂದ್ರದ ಹತ್ತಿರವೂ ಸುಳಿಯದಿದ್ದ ಸಂಕೀರ್ಣ ಅಲ್ಲಿ ಹೋಗಿ ಕುಳಿತುಬಿಡಬಹುದು. ಚಿತ್ರ ಬಹಳ ಚೆಂದ ಬರುತ್ತದೆ, ಹೇಳುವುದು ಸುಳ್ಳು. ಇಂಥ ಅಣುಗಳ ಕುರಿತು ಓದುವಾಗ ‘ಕೋಶ ಬದುಕಿತ್ತೇ’ ಎಂದು ಮೊದಲು ಕೇಳಬೇಕು.

ಈಗ ಕೊಲ್ಲುವ ಮಾತಿಗೆ ಬರೋಣ. ಶಕ್ತಿ ದಾಟಿಸಿಕೊಂಡ ಆಮ್ಲಜನಕ ಏನಾಗುತ್ತದೆ? ಅದರ ಎಲೆಕ್ಟ್ರಾನುಗಳು ಗಿರಕಿ ಬದಲಿಸಿ ಜೋಡಿಯಾಗುತ್ತವೆ. ಅದು ಸಿಂಗ್ಲೆಟ್ ಆಮ್ಲಜನಕವಾಗುತ್ತದೆ. ಉಸಿರಾಡುವ ಆಮ್ಲಜನಕಕ್ಕಿಂತ ಇದು ಎಷ್ಟೋ ಪಟ್ಟು ಉಗ್ರ. ಕೋಶದ ಪೊರೆಯ ಕೊಬ್ಬನ್ನೂ ಪ್ರೋಟೀನನ್ನೂ ಎದುರಾದಲ್ಲೇ ಕೆಡಿಸುತ್ತದೆ. ನೀರಿನಲ್ಲಿ ಇದರ ಆಯುಷ್ಯ ಮೂರು ನಾಲ್ಕು ಮೈಕ್ರೊಸೆಕೆಂಡ್ ಮಾತ್ರ. ಅಷ್ಟರಲ್ಲಿ ಒಂದು ಕೋಶದ ಅಗಲವನ್ನೂ ದಾಟಲಾರದು. ಆದ್ದರಿಂದ ಬೆಳಕು ಎಲ್ಲಿ ಬಿತ್ತೋ, ಅಣು ಎಲ್ಲಿತ್ತೋ, ಹಾನಿ ಅಲ್ಲಿಗೇ ಸೀಮಿತ. ದೇಹದ ಎಲ್ಲೆಡೆ ಹರಡುವ ಕೀಮೊಥೆರಪಿಗೆ ಇಲ್ಲದ ಹಿಡಿತ ಇಲ್ಲಿದೆ.

ಬೆಳಕು ಮತ್ತು ಬಣ್ಣ ಸೇರಿದರೆ ಜೀವಿ ಸಾಯುತ್ತದೆ ಎಂದು ತಿಳಿದದ್ದು ಹಳೆಯ ಕಾಲದಲ್ಲಿ. 1900ರಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿ ಆಸ್ಕರ್ ರಾಬ್, ಅಕ್ರಿಡೀನ್ ಎಂಬ ಬಣ್ಣ ಪ್ಯಾರಾಮೀಸಿಯಂ ಎಂಬ ಏಕಕೋಶ ಜೀವಿಗಳನ್ನು ಬೆಳಕಿದ್ದಾಗ ಬೇಗ ಕೊಲ್ಲುತ್ತದೆಂದು ವರದಿ ಮಾಡಿದ. ಆದರೆ ಔಷಧವಾಗಿ ಮೊದಲ ಮಂಜೂರಾತಿ ಸಿಕ್ಕಿದ್ದು 1993ರಲ್ಲಿ, ಕೆನಡಾದಲ್ಲಿ, ಮೂತ್ರಕೋಶದ ಕ್ಯಾನ್ಸರಿಗಾಗಿ ಫೋಟೊಫ್ರಿನ್‌ಗೆ. ಅದರಲ್ಲಿ ಲೋಹವಿಲ್ಲ. ಚುಚ್ಚುಮದ್ದು ಪಡೆದವರ ಚರ್ಮದಲ್ಲಿ ಅದು ಬಹಳ ದಿನ ಉಳಿಯುವುದರಿಂದ ಕನಿಷ್ಠ 30 ದಿನ ಬಿಸಿಲಿಗೆ ಮೈಯೊಡ್ಡುವಂತಿಲ್ಲ. ರೋಗಿಗೆ ಇದು ಸಣ್ಣ ಕಷ್ಟವಲ್ಲ.

ಲೋಹದ ಸರದಿ ಬಂದದ್ದು ಇತ್ತೀಚೆಗೆ. ಟಿಎಲ್‌ಡಿ-1433 ಎಂಬ ರುಥೇನಿಯಂ ಸಂಕೀರ್ಣವನ್ನು ಶೆರಿ ಮೆಕ್‌ಫಾರ್ಲಂಡ್ ಅವರ ತಂಡ ರೂಪಿಸಿತು. 2017ರಲ್ಲಿ ಟೊರೊಂಟೊದಲ್ಲಿ ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗ ನಡೆಯಿತು. ಬೆಳಕಿನಿಂದ ಚುರುಕಾಗುವ ರುಥೇನಿಯಂ ಔಷಧವೊಂದು ಅಲ್ಲಿಯವರೆಗೆ ಬಂದದ್ದು ಅದೇ ಮೊದಲು. ಎರಡನೆಯ ಹಂತ 2019ರಲ್ಲಿ ಶುರುವಾಯಿತು. ರೋಗ ಇಲ್ಲೂ ಮೂತ್ರಕೋಶದ ಕ್ಯಾನ್ಸರೇ, ಸ್ನಾಯುವಿಗೆ ಇಳಿಯದೆ ಒಳಪದರದಲ್ಲೇ ಇರುವ ಬಗೆ. ಕ್ಷಯದ ಲಸಿಕೆಯೆಂದು ನಮಗೆಲ್ಲ ಗೊತ್ತಿರುವ ಬಿಸಿಜಿಯನ್ನೇ ಮೂತ್ರಕೋಶದೊಳಗೆ ಹಾಕುವುದು ಇದಕ್ಕೆ ರೂಢಿಯ ಚಿಕಿತ್ಸೆ. ಅದು ಫಲಿಸದವರಿಗೆ ಹೆಚ್ಚಾಗಿ ಉಳಿಯುವುದು ಮೂತ್ರಕೋಶವನ್ನೇ ತೆಗೆದುಹಾಕುವ ಶಸ್ತ್ರಚಿಕಿತ್ಸೆ. ಹೊಸ ಚಿಕಿತ್ಸೆಯಲ್ಲಿ ಕ್ಯಾಥೆಟರ್ ಮೂಲಕ ಔಷಧದ ದ್ರಾವಣ ತುಂಬಿಸಿ, ಸುಮಾರು ಒಂದು ಗಂಟೆ ಬಿಟ್ಟು, ತೊಳೆದು, ಆಮೇಲೆ ಅದೇ ದಾರಿಯಲ್ಲಿ ತೆಳುವಾದ ಬೆಳಕಿನ ತಂತು ಇಳಿಸಿ ಒಳಗೋಡೆಗೆಲ್ಲ ಹಸಿರು ಲೇಸರ್ ಬೆಳಕು ಹರಡುತ್ತಾರೆ. ಔಷಧ ರಕ್ತಕ್ಕೆ ಸೇರುವುದು ಕಡಿಮೆ, ಹಾಗಾಗಿ ಬಿಸಿಲಿನ ಭಯವೂ ಕಡಿಮೆ.

ಹಸಿರು ಬೆಳಕೇ ಏಕೆ? ಕತ್ತಲಲ್ಲಿ ಟಾರ್ಚಿಗೆ ಅಂಗೈ ಅಡ್ಡ ಹಿಡಿದರೆ ಬೆರಳಂಚುಗಳು ಕೆಂಪಗೆ ಕಾಣುತ್ತವೆ. ನೀಲಿ, ಹಸಿರನ್ನು ರಕ್ತದ ಹೀಮೋಗ್ಲೋಬಿನ್ ನುಂಗಿ, ಕೆಂಪು ಮಾತ್ರ ಆಚೆ ಬರುತ್ತದೆ. ಹಸಿರು ಬೆಳಕು ಮಾಂಸದೊಳಗೆ ಆಳಕ್ಕೆ ಹೋಗುವುದಿಲ್ಲ. ಒಳಪದರದ ಕ್ಯಾನ್ಸರಿಗೆ ಆ ಮಿತಿಯೇ ವರವಾಯಿತು. ಅಡಿಯ ಸ್ನಾಯುವಿಗೆ ಪೆಟ್ಟು ಬೀಳುವುದಿಲ್ಲ. ಔಷಧಕ್ಕೆ ತಕ್ಕ ರೋಗವನ್ನು ಇಷ್ಟು ವಿವೇಕದಿಂದ ಆರಿಸಿಕೊಂಡ ಉದಾಹರಣೆ ಈ ಕ್ಷೇತ್ರದಲ್ಲಿ ವಿರಳ.

ಗಡ್ಡೆ ಆಳದಲ್ಲಿದ್ದರೆ ಸುಮಾರು 650ರಿಂದ 900 ನ್ಯಾನೊಮೀಟರ್ ಒಳಗಿನ ಬೆಳಕು ಬೇಕು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಅವಿಗ್ಡೋರ್ ಶೆರ್ಜ್ ಮತ್ತು ಯೋರಾಮ್ ಸಲೊಮೊನ್ ಬ್ಯಾಕ್ಟೀರಿಯದ ಪತ್ರಹರಿತ್ತನ್ನು ತೆಗೆದುಕೊಂಡು, ನಡುವಿನ ಮೆಗ್ನೀಸಿಯಂ ಜಾಗದಲ್ಲಿ ಪೆಲ್ಲೇಡಿಯಂ ಕೂರಿಸಿದರು. ಅದರಿಂದ ಬಂದ ಔಷಧ ಟೂಕಾಡ್. ಚುರುಕಾಗುವುದು 753 ನ್ಯಾನೊಮೀಟರ್ ಬೆಳಕಿಗೆ. ರಕ್ತದಲ್ಲಿ ಹರಿಯುತ್ತಿರುವಾಗಲೇ ಪ್ರಾಸ್ಟೇಟ್ ಗ್ರಂಥಿಯೊಳಗೆ ಇಳಿಸಿದ ತಂತುಗಳಿಂದ ಬೆಳಕು ಹಾಯಿಸಿ, ಗಡ್ಡೆಗೆ ಆಹಾರ ಒಯ್ಯುವ ರಕ್ತನಾಳಗಳನ್ನು ಮುಚ್ಚಿಸುತ್ತಾರೆ. ಕಡಿಮೆ ಅಪಾಯದ ಪ್ರಾಸ್ಟೇಟ್ ಕ್ಯಾನ್ಸರಿಗೆ 2017ರಲ್ಲಿ ಯುರೋಪಿಯನ್ ಒಕ್ಕೂಟ ಒಪ್ಪಿಗೆ ಕೊಟ್ಟಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿಯಲ್ಲಿ 2020ರಲ್ಲಿ ಬಹುಮತ ಇದರ ವಿರುದ್ಧ ಬಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಆರ್. ಚಕ್ರವರ್ತಿ ಅವರ ತಂಡ ಇದೇ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿಯಿತು. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ನೀಲಿ ಬೆಳಕನ್ನು ಹೀರಿ ಹಸಿರಾಗಿ ಮಿನುಗುತ್ತದೆ, ಬೆಳಕಿನಲ್ಲಿ ಕೋಶಗಳಿಗೆ ಹಾನಿಯನ್ನೂ ಮಾಡುತ್ತದೆ. ಆದರೆ ದೇಹದ ದ್ರವದಂಥ ನೀರಿನಲ್ಲಿ ಬೇಗನೆ ಮುರಿದು ಹೋಗುತ್ತದೆ. ಅದರ ಎರಡು ಆಮ್ಲಜನಕಗಳು ಲೋಹವನ್ನು ಹಿಡಿದುಕೊಂಡರೆ ಅದು ಗಟ್ಟಿಯಾಗುತ್ತದೆ. ಪ್ಲಾಟಿನಂ, ವೆನೇಡಿಯಂ, ಕೋಬಾಲ್ಟ್‌ಗಳ ಜೊತೆ ಈ ತಂಡ ಅದನ್ನು ಕಟ್ಟಿ ನೋಡಿತು. ಪ್ಲಾಟಿನಂ ಸಂಕೀರ್ಣದಲ್ಲಿ ಬೆಳಕು ಬಿದ್ದಾಗ ಕರ್ಕ್ಯುಮಿನ್ ಬಿಡುಗಡೆಯಾಗಿ, ಪ್ಲಾಟಿನಂ ಡಿಎನ್‌ಎಗೆ ಅಂಟಿಕೊಳ್ಳಲು ತೆರವಾಗುತ್ತದೆ. ಇವೆಲ್ಲ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲಿನ ಫಲಿತಾಂಶಗಳು. ಅರಿಶಿನ ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶಗಳಿಗೂ ಇದಕ್ಕೂ ಸಂಬಂಧವಿಲ್ಲ.

‘ಒಂದೇ ಅಣು ರೋಗವನ್ನು ತೋರಿಸಿ ರೋಗವನ್ನು ಕೊಲ್ಲುತ್ತದೆ’ ಎಂಬ ಮಾತು ಈ ವಿಷಯದ ಲೇಖನಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಅದನ್ನು ಅಳೆದು ನಂಬಬೇಕು. ಹೀರಿದ ಶಕ್ತಿಗೆ ಎರಡು ದಾರಿ: ಬೆಳಕಾಗಿ ಹೊರಬರುವುದು, ಇಲ್ಲವೇ ಆಮ್ಲಜನಕಕ್ಕೆ ದಾಟುವುದು. ಒಂದಕ್ಕೆ ಹೋದದ್ದು ಇನ್ನೊಂದಕ್ಕೆ ಸಿಗುವುದಿಲ್ಲ. ಟಿಎಲ್‌ಡಿ-1433ರಲ್ಲಿ ಹೀರಿದ ಶಕ್ತಿಯ ಬಹುಪಾಲು ಸಿಂಗ್ಲೆಟ್ ಆಮ್ಲಜನಕವಾಗುತ್ತದೆ. ಅದರ ಹೊಳಪು ತೀರ ಕ್ಷೀಣ. ಟೂಕಾಡ್‌ನ ಹೊಳಪೂ ಹಾಗೆಯೇ. ರೋಗಿಯವರೆಗೆ ತಲುಪಿದ ಲೋಹದ ಔಷಧಗಳು ಚೆನ್ನಾಗಿ ಕೊಲ್ಲುವಂಥವು, ಚೆನ್ನಾಗಿ ಕಾಣುವಂಥವಲ್ಲ. ಚೆನ್ನಾಗಿ ಕಾಣುವ ಯುರೋಪಿಯಂ ದುಡಿಯುತ್ತಿರುವುದು ದೇಹದ ಹೊರಗೆ, ಪ್ರಯೋಗಾಲಯದಲ್ಲಿ. ಎರಡನ್ನೂ ಅರೆಬರೆ ಮಾಡುವ ಅಣುಗಳ ಪಟ್ಟಿ ಉದ್ದವಾಗುವುದಕ್ಕಿಂತ, ಒಂದನ್ನು ಪೂರ್ತಿಯಾಗಿ ಮಾಡುವ ಅಣು ಬರಲಿ ಎಂಬುದು ನನ್ನ ಆಸೆ.

ಇನ್ನೊಂದು ಗಂಟು ಬಿಡಿಸಲು ಕಷ್ಟವಾದದ್ದು. ಕೊಲ್ಲುವುದಕ್ಕೆ ಆಮ್ಲಜನಕ ಬೇಕು, ಗಡ್ಡೆಯ ಒಳಗೆ ಇಲ್ಲದಿರುವುದೂ ಅದೇ. ಆಮ್ಲಜನಕವನ್ನು ನೆಚ್ಚದ ದಾರಿಗಳನ್ನು ಹುಡುಕುವವರಲ್ಲಿ ಬ್ರಿಟನ್ನಿನ ಪೀಟರ್ ಸ್ಯಾಡ್ಲರ್ ಪ್ರಮುಖರು. ಬೆಳಕು ಬಿದ್ದಾಗ ಒಡೆದು ವಿಷಕಾರಿಯಾಗುವ ಪ್ಲಾಟಿನಂ ಅಜೈಡ್ ಸಂಕೀರ್ಣಗಳ ಮೇಲೆ ಅವರು ಬಹುಕಾಲ ಕೆಲಸ ಮಾಡಿದ್ದಾರೆ. 2019ರಲ್ಲಿ ಅವರೂ ಚೀನಾ, ಫ್ರಾನ್ಸ್‌ನ ಸಹೋದ್ಯೋಗಿಗಳೂ ಸೇರಿ ಒಂದು ಇರಿಡಿಯಂ ಸಂಕೀರ್ಣವನ್ನು ವರದಿ ಮಾಡಿದರು. ಬೆಳಕಿನಲ್ಲಿ ಅದು ಕೋಶದ ಎನ್‌ಎಡಿಎಚ್ ಎಂಬ ಅಣುವಿನಿಂದ ಎಲೆಕ್ಟ್ರಾನನ್ನು ಕಸಿದುಕೊಳ್ಳುತ್ತದೆ. ಕೋಶ ತನ್ನ ಶಕ್ತಿ ಉತ್ಪಾದನೆಗೆ ನೆಚ್ಚಿರುವುದೇ ಆ ಅಣುವನ್ನು. ಆಮ್ಲಜನಕ ಕಡಿಮೆ ಇರುವ ಕೋಶಗಳಲ್ಲೂ ಸಂಕೀರ್ಣ ತನ್ನ ಕೆಲಸ ಮುಂದುವರಿಸಿತು. ಅದಕ್ಕೆ ಬೇಕಾಗುವುದು ನೀಲಿಯ ಅಥವಾ ಹಸಿರಿನ ಬೆಳಕು. ಅದೇ ಕೆಲಸವನ್ನು ಕೆಂಪು ಬೆಳಕಿನಲ್ಲಿ ಮಾಡಬಲ್ಲ ಸಂಕೀರ್ಣಗಳನ್ನು ಕಟ್ಟುವ ಪ್ರಯತ್ನ ಈಗ ಹಲವು ಪ್ರಯೋಗಾಲಯಗಳಲ್ಲಿ ನಡೆದಿದೆ.